ಬೋರಿ ಹೊಳೆಯ ಗುಂಟ ಎರಡು ದಿನ

ಶನಿವಾರ ಬಂತೆಂದರೆ ಪುಣೆ, ಮುಂಬಯಿ, ಹೈದರಾಬಾದಿನ ಗಾಡಿಗಳು ಅಕ್ಕಲಕೋಟೆಯ ಬೀದಿಗಳನ್ನು ತುಂಬಿಬಿಡುತ್ತವೆ. ಬಂದವರು ಸ್ವಾಮಿ ಸಮರ್ಥರ ದರ್ಶನ ಮಾಡುತ್ತಾರೆ, ಅನ್ನಛತ್ರದಲ್ಲಿ ಉಣ್ಣುತ್ತಾರೆ, ಸಂಜೆಗೆ ತುಳಜಾಪುರವೋ ಗಾಣಗಾಪುರವೋ ಎಂದು ಗಾಡಿ ತಿರುಗಿಸುತ್ತಾರೆ. ಅದೇ ಶನಿವಾರ ಅಕ್ಕಲಕೋಟೆ, ಮೈಂದರ್ಗಿ, ನಾಗಣಸೂರಿನ ನಮ್ಮ ಮಂದಿ ರಜೆ ಸಿಕ್ಕಿತೆಂದು ಮಹಾಬಳೇಶ್ವರದ ಹಾದಿ ಹಿಡಿದಿರುತ್ತಾರೆ. ಕುರನೂರ ಡ್ಯಾಮಿನ ನೀರು ಕುಡಿದು ಬೆಳೆದವರಲ್ಲಿ, ಆ ನೀರು ನಳದುರ್ಗದ ಕೋಟೆಯ ಒಡಲಿನಿಂದ ಹಾದು ಬರುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಬಹಳ ಇರಲಿಕ್ಕಿಲ್ಲ. ಈ ಬರಹ ಮೊದಲು ಅವರಿಗಾಗಿ. ಕಲಬುರಗಿ, ವಿಜಯಪುರ, ಆಳಂದದ ಕಡೆಯಿಂದ ಬೆಳಗ್ಗೆ ಹೊರಟು ಬರುವವರಿಗೂ ಇದೇ ದಾರಿ ಒಪ್ಪುತ್ತದೆ.

ಸುಮ್ಮನೆ ಊರೂರು ಸುತ್ತಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲದು. ತಿರುಗಾಟಕ್ಕೊಂದು ಎಳೆ ಬೇಕು. ಈ ಸೀಮೆಯಲ್ಲಿ ಆ ಎಳೆ ನೀರು. ಇಲ್ಲಿ ವರ್ಷಕ್ಕೆ 500–600 ಮಿಲಿಮೀಟರ್ ಮಳೆ ಬಿದ್ದರೆ ರೈತ ನೆಮ್ಮದಿಯಾಗಿ ಉಸಿರಾಡುತ್ತಾನೆ. ಅದರಲ್ಲಿಯೂ ಸೆಪ್ಟೆಂಬರಿನ ಮಳೆ ಕೈಕೊಟ್ಟರೆ ಹಿಂಗಾರಿ ಜೋಳವೇ ಇಲ್ಲ. ಹೀಗಾಗಿ ಇಲ್ಲಿಯ ಹಿರಿಯ ಕೆಲಸಗಳಲ್ಲಿ ಬಹಳಷ್ಟು ಹರಿಯುವ ನೀರನ್ನು ತಡೆದು ನಿಲ್ಲಿಸಿದ ಕೆಲಸಗಳೇ. 12ನೆಯ ಶತಮಾನದಲ್ಲಿ ಶರಣ ಸಿದ್ಧರಾಮ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ. 1613ರಲ್ಲಿ ವಿಜಯಪುರದ ಆದಿಲಶಾಹಿಯವರು ನಳದುರ್ಗದಲ್ಲಿ ಬೋರಿ ಹೊಳೆಗೆ ಅಡ್ಡಗೋಡೆ ಎಬ್ಬಿಸಿದರು. 1871ರಲ್ಲಿ ಬ್ರಿಟಿಷರು ಸೊಲ್ಲಾಪುರದ ಬಡಗಣಕ್ಕೆ ಹಿಪ್ಪರಗಾ ಕೆರೆಯನ್ನು ಮುಗಿಸಿದರು. ಸ್ವಾತಂತ್ರ್ಯದ ನಂತರ ಅದೇ ಬೋರಿಗೆ ಕುರನೂರಿನಲ್ಲಿ ಮಣ್ಣಿನ ಏರಿ ಬಂತು. ಈ ನಾಲ್ಕನ್ನೂ ಎರಡು ದಿನದಲ್ಲಿ, ಎಲ್ಲಿಯೂ ಧಾವಂತವಿಲ್ಲದೆ ನೋಡಬಹುದು. ಅಕ್ಕಲಕೋಟೆಯಲ್ಲಿ ಒಂದು ರಾತ್ರಿ ತಂಗಿದರೆ ಸಾಕು.

ಯಾವಾಗ ಹೊರಡಬೇಕು? ಮಾರ್ಚ್‌ನಿಂದ ಮೇವರೆಗೆ ಬೇಡ. ಸೊಲ್ಲಾಪುರದ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ, ಕೋಟೆಯ ಕರಿಕಲ್ಲು ಕಾದು ಕಾಲಿಡಲಾಗದು. ನಳದುರ್ಗದಲ್ಲಿ ನೀರು ಧುಮುಕುವುದನ್ನು ಕಾಣಬೇಕೆಂದರೆ ಒಳ್ಳೆಯ ಮಳೆಯಾದ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್. ಹಕ್ಕಿ, ಸುಟ್ಟ ಎಳೆಜೋಳದ ಸೀತನಿ, ಚಳಿಯ ಎಳೆಬಿಸಿಲು ಬೇಕೆಂದರೆ ಡಿಸೆಂಬರ್, ಜನವರಿ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಡಿಸೆಂಬರ್ ಎನ್ನುತ್ತೇನೆ. ಜಲಪಾತ ಸಿಗದಿದ್ದರೂ ಕೋಟೆ ಪೂರ್ತಿ ಸಿಗುತ್ತದೆ.

ಶನಿವಾರ: ಮೇಲಿನಿಂದ ಕೆಳಗೆ

ಹೊಳೆ ಹರಿಯುವ ದಿಕ್ಕಿನಲ್ಲೇ ಬರೋಣ. ಬೋರಿ ಹುಟ್ಟುವುದು ಧಾರಾಶಿವ ಜಿಲ್ಲೆಯ ಎತ್ತರದ ನೆಲದಲ್ಲಿ. ನಳದುರ್ಗವನ್ನು ಬಳಸಿ, ಅಕ್ಕಲಕೋಟೆ ತಾಲೂಕಿಗೆ ಇಳಿದು, ಹರಣಾ ಹೊಳೆಯನ್ನು ಕೂಡಿಸಿಕೊಂಡು ಕುರನೂರಿಗೆ ಬಂದು, ಕೊನೆಗೆ ಕರ್ನಾಟಕದ ಗಡಿಯಲ್ಲಿ ಭೀಮೆಯನ್ನು ಸೇರುತ್ತದೆ. ನಳದುರ್ಗ ಸೊಲ್ಲಾಪುರದಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಸುಮಾರು 45 ಕಿಲೋಮೀಟರ್. ಅಕ್ಕಲಕೋಟೆಯಿಂದ ಚಪಳಗಾಂವ, ಹನ್ನೂರಿನ ಮೇಲೆ ಹೋದರೆ ಇನ್ನೂ ಹತ್ತಿರ. ಬೆಳಗ್ಗೆ ಎಂಟಕ್ಕೆಲ್ಲ ಕೋಟೆಯ ಬಾಗಿಲಲ್ಲಿ ಇರುವಂತೆ ಹೊರಡಿ. ನೆರಳಿರುವುದು ಆಗ ಮಾತ್ರ.

ಕೋಟೆ ದೊಡ್ಡದು. ಹೊಳೆಯೇ ಅದರ ಅಗಳು. ಒಳಗೆ ಒಂಬತ್ತು ಉಬ್ಬಿನ ನವಬುರುಜ್, ಎತ್ತರದ ಉಪಳಿ ಬುರುಜ್, ಅದರ ನೆತ್ತಿಗೆ ಕಡಿದಾದ ಮೆಟ್ಟಿಲು. ಮೊಣಕಾಲು ನೋವಿದ್ದವರು ಬುರುಜು ಬಿಡಲಿ, ಪಾಣಿಮಹಲನ್ನು ಬಿಡುವುದು ಬೇಡ. ಕೋಟೆಗೂ ಆಚೆ ದಂಡೆಯ ರಣಮಂಡಳಕ್ಕೂ ನಡುವೆ ಹೊಳೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಅಣೆಕಟ್ಟು ಅದು. ಒಂದು ಕಡೆ ನೀರು ನಿಲ್ಲುತ್ತದೆ, ತುಂಬಿದಾಗ ಎರಡು ಕಿಂಡಿಗಳಿಂದ ಹೊರಗೆ ಧುಮುಕುತ್ತದೆ. ಈ ಎರಡು ಧಾರೆಗಳನ್ನು ಊರವರು ನರ, ಮಾದಿ ಎನ್ನುತ್ತಾರೆ. ಇಲ್ಲಿಯ ಸೋಜಿಗವೆಂದರೆ ಅಣೆಕಟ್ಟಿನ ಗೋಡೆಯ ಹೊಟ್ಟೆಯೊಳಗೇ ಕೋಣೆಗಳಿವೆ. ಇಕ್ಕಟ್ಟಿನ ಮೆಟ್ಟಿಲಿಳಿದು ಒಳಗೆ ಹೋದರೆ ಮುಂದೆ ಗವಾಕ್ಷಿ, ತಲೆಯ ಮೇಲಿನಿಂದ ಹೊರಗೆ ಬೀಳುವ ನೀರು. ಕೋಣೆಗೆ ಹನಿಯೂ ಸಿಡಿಯದಂತೆ ನೀರಿನ ಹಾದಿಯನ್ನು ಹೊರಕ್ಕೆ ಚಾಚಿ ಕಟ್ಟಿದ್ದಾರೆ. ನಾನೂರು ವರ್ಷಗಳ ಪ್ರವಾಹವನ್ನು ತಡೆದ ಗೋಡೆ ಇದು. ಕಲ್ಲಿನ ಸಂದುಗಳನ್ನು ಹತ್ತಿರದಿಂದ ನೋಡಿ, ಗಾರೆ ಹಿಡಿದ ಬಗೆ ನೋಡಿ. ಇಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಅವರನ್ನು ಇಲ್ಲಿ ಒಂದು ತಾಸು ಅವರ ಪಾಡಿಗೆ ಬಿಡಿ.

ಕಟ್ಟಿಸಿದ ದೊರೆ ಇಮ್ಮಡಿ ಇಬ್ರಾಹಿಂ ಆದಿಲಶಾಹ. ವಿಜಯಪುರದವರಿಗೆ ಹೊಸಬನಲ್ಲ. ಇಬ್ರಾಹಿಂ ರೋಜಾದಲ್ಲಿ ಮಲಗಿರುವವನು, ಸಂಗೀತದ ಮೇಲೆ ‘ಕಿತಾಬ್-ಎ-ನವರಸ್’ ಬರೆದವನು, ಜಗದ್ಗುರು ಬಾದಶಾಹ ಎನ್ನಿಸಿಕೊಂಡವನು. ಇಲ್ಲಿ ಇದ್ದುಹೋದ ಇನ್ನೊಬ್ಬನೂ ಕನ್ನಡಿಗರಿಗೆ ಗೊತ್ತಿರುವವನೇ. ಸುರಪುರದ ಟೇಲರ್ ಮಂಜಿಲ್‌ನ ಫಿಲಿಪ್ ಮೆಡೋಸ್ ಟೇಲರ್ 1853ರ ನಂತರ ನಳದುರ್ಗ ಜಿಲ್ಲೆಯ ಆಡಳಿತ ವಹಿಸಿಕೊಂಡು ಬಂದ. ಸುರಪುರದ ಬೇಡ ಸಂಸ್ಥಾನದ ನಂಟು ಬಿಡಿಸಿಕೊಂಡು ಬಂದವನು ಈ ಕೋಟೆಯ ಮಗ್ಗುಲಲ್ಲಿ ಕುಳಿತು ಭೂಮಿ ಅಳೆಸಿದ, ಕಂದಾಯ ಕಟ್ಟಿದ. ಸುರಪುರ ಕಂಡವರು ನಳದುರ್ಗವನ್ನೂ ನೋಡಿದರೆ ಆತನ ಬದುಕಿನ ಎರಡು ತುಂಡುಗಳು ಕೂಡುತ್ತವೆ.

ಕೋಟೆಯ ಗೋಡೆಯ ಮೇಲೆ ಹೆಸರು ಕೊರೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ನೀರು ಬೀಳುವ ದಿನಗಳಲ್ಲಿ ಪಾಚಿ ಕಟ್ಟಿದ ಅಂಚಿಗೆ ಫೋಟೊಗಾಗಿ ಹೋಗಬೇಡಿ. ಕೋಟೆಗೆ ಪ್ರವೇಶ ಶುಲ್ಕವಿದೆ, ಚಿಲ್ಲರೆ ಜೊತೆಗಿರಲಿ.

ಹೊತ್ತು ಉಳಿದರೆ ಪಕ್ಕದ ಅಣದೂರಿಗೆ ಹೋಗಿ ಬನ್ನಿ. ಅಲ್ಲಿಯ ಖಂಡೋಬಾ ನಮ್ಮ ಮೈಲಾರಲಿಂಗನೇ. ದೇವರು ವರ್ಷದ ಕೆಲ ಕಾಲ ನಳದುರ್ಗದಲ್ಲಿ, ಉಳಿದ ಕಾಲ ಅಣದೂರಿನಲ್ಲಿ ವಾಸ ಮಾಡುತ್ತಾನೆ. ಎರಡು ಊರಿನವರು ಒಂದೇ ದೇವರನ್ನು ಸರದಿಯಲ್ಲಿ ಇಟ್ಟುಕೊಂಡ ಈ ಕರಾರು ನನಗೆ ಬಹಳ ಇಷ್ಟ. ಹೋಗುವ ಮುನ್ನ ದೇವರು ಸದ್ಯ ಯಾವ ಊರಲ್ಲಿದ್ದಾನೆ ಎಂದು ಕೇಳಿಕೊಳ್ಳಿ.

ಮಧ್ಯಾಹ್ನದ ಊಟ ಕಟ್ಟಿಕೊಂಡೇ ಹೊರಡುವುದು ವಾಸಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಹೋಟೆಲಿನ ಹಂಗಿಲ್ಲ. ಸೊಲ್ಲಾಪುರದ ಶೇಂಗಾ ಚಟ್ನಿ ನಾಲ್ಕು ದಿನ ಕೆಡುವುದಿಲ್ಲ. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಬಂದರೆ ದಾರಿಯುದ್ದಕ್ಕೂ ಹೊಲಗಳಲ್ಲಿ ಚರಗದ ಸಡಗರ. ಜನವರಿಯಾದರೆ ಸೀತನಿ. ಮರಾಠಿಯಲ್ಲಿ ಹುರಡಾ ಎಂಬ ಫಲಕ ಹಾಕಿ ರಸ್ತೆಬದಿಯ ಹೊಲದವರು ಎಳೆಜೋಳದ ತೆನೆ ಸುಟ್ಟು ಕೊಡುತ್ತಾರೆ.

ಮಧ್ಯಾಹ್ನ ಮೂರರ ಹೊತ್ತಿಗೆ ಕುರನೂರಿನ ಕಡೆ ಇಳಿಯಿರಿ. ಚಪಳಗಾಂವದ ಹತ್ತಿರ ಮುಖ್ಯರಸ್ತೆ ಬಿಟ್ಟು ಒಳಗೆ ಹೊರಳಬೇಕು. ದಾರಿ ಕೇಳಲು ಮರಾಠಿ ಬರಬೇಕೆಂದೇನಿಲ್ಲ. ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವವರು ಎಲ್ಲೆಲ್ಲೂ ಸಿಗುತ್ತಾರೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇಂದಿಗೂ ನಡೆಯುತ್ತಿವೆ. ಕನ್ನಡದಲ್ಲೇ ಮಾತು ತೆಗೆಯಿರಿ. ಒಂದು ಲೋಟ ಚಹಾ ಖಂಡಿತ.

ಕುರನೂರ ಡ್ಯಾಮ್ ನೋಡಲು ಉದ್ಯಾನ, ಕಾರಂಜಿ ಇರುವ ಜಾಗವಲ್ಲ. ಕಿಲೋಮೀಟರಿಗೂ ಉದ್ದವಾದ ಮಣ್ಣಿನ ಏರಿ, ಒಂದು ಬದಿ ಅಗಾಧ ನೀರು, ಇನ್ನೊಂದು ಬದಿ ಕಬ್ಬು. ಅಕ್ಕಲಕೋಟೆ, ಮೈಂದರ್ಗಿ, ದುಧನಿ ಪಟ್ಟಣಗಳ ಕುಡಿಯುವ ನೀರು ಇಲ್ಲಿಂದಲೇ. ಬೆಳಗ್ಗೆ ಪಾಣಿಮಹಲಿನ ಕಲ್ಲುಗೋಡೆ ನೋಡಿ ಬಂದ ಕಣ್ಣಿಗೆ ಈ ಮಣ್ಣಿನ ಗೋಡೆ ಬೇರೆಯದೇ ಪಾಠ ಹೇಳುತ್ತದೆ. ಅಲ್ಲಿ ಬಂಡೆಯ ನಡುವೆ ಕಿರಿದಾದ ಕಣಿವೆ, ಕಲ್ಲು ಕೈಗೆಟಕುವಷ್ಟು ಹತ್ತಿರ. ಇಲ್ಲಿ ಹೊಳೆಯ ಹರವು ಅಗಲ, ಎರೆಮಣ್ಣಿನ ಬಯಲು, ಅದಕ್ಕೇ ಅಗಲ ಬುಡದ ಮಣ್ಣಿನ ಏರಿ. ಅಲ್ಲಿ ತುಂಬಿದ ನೀರು ತಾನಾಗಿ ಜಿಗಿಯುತ್ತದೆ. ಇಲ್ಲಿ ಬಾಗಿಲು ತೆರೆದು ಬಿಡಬೇಕು. ಮಣ್ಣಿನ ಏರಿಯ ಮೇಲೆ ನೀರು ಹಾಯಬಾರದು, ಹಾಯ್ದರೆ ಏರಿಯೇ ಕೊಚ್ಚಿಹೋಗುತ್ತದೆ.

ಆ ಕಾರಣಕ್ಕೇ ಮಳೆಗಾಲದಲ್ಲಿ ಬರುವವರಿಗೆ ಒಂದು ಎಚ್ಚರಿಕೆ. ಮೇಲೆ ನಳದುರ್ಗ, ತುಳಜಾಪುರದ ಕಡೆ ಜೋರು ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೂ ಬಾಗಿಲು ತೆರೆಯುತ್ತಾರೆ. 2020ರ ಅಕ್ಟೋಬರಿನ ಮಹಾಮಳೆಯಲ್ಲಿ ಬೋರಿ ದಂಡೆಯ ಹಳ್ಳಿಗಳು ಪಟ್ಟ ಪಾಡನ್ನು ಇಲ್ಲಿಯವರು ಮರೆತಿಲ್ಲ. ಡ್ಯಾಮಿನ ಕೆಳಗಣ ಹೊಳೆಪಾತ್ರಕ್ಕೆ ಇಳಿಯಬೇಡಿ. ತಗ್ಗಿನ ಸೇತುವೆಯ ಮೇಲೆ ಮೊಣಕಾಲುದ್ದ ನೀರಿದ್ದರೂ ಗಾಡಿ ಹಾಯಿಸಬೇಡಿ. ಏರಿಯ ಮೇಲೆ ಒಲೆ ಹೂಡಿ ಅಡುಗೆ ಮಾಡುವುದು, ಬಾಟಲಿ ಎಸೆಯುವುದು ಮೂರು ಪಟ್ಟಣಗಳು ಕುಡಿಯುವ ನೀರಿಗೆ ಮಾಡುವ ದ್ರೋಹ.

ಚಳಿಗಾಲದಲ್ಲಿ ಸೊಲ್ಲಾಪುರ ಸೀಮೆಯ ಕೆರೆಗಳಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಧ್ಯ ಏಶಿಯಾದಿಂದ ಹಿಮಾಲಯವನ್ನೇ ಹಾರಿ ದಾಟಿ ಬರುವ ಹಕ್ಕಿ ಅದು. ಹಗಲು ನೀರಿನಂಚಿನಲ್ಲಿ ಮಲಗಿದ್ದು ಸಂಜೆಗೆ ಹೊಲಗಳತ್ತ ಏಳುತ್ತವೆ. ದುರ್ಬೀನು ಇದ್ದರೆ ತನ್ನಿ, ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ಹಿನ್ನೀರಿನ ದಂಡೆಯಲ್ಲಿ ಸದ್ದಿಲ್ಲದೆ ಕೂಡಿ. ಅವುಗಳ ಹಿಂದೆ ಓಡಿ ಎಬ್ಬಿಸಿ ವಿಡಿಯೊ ಮಾಡುವ ಚಟ ಬೇಡ.

ಊರಿನ ಹಿರಿಯರ ಜೊತೆ ಅರ್ಧ ತಾಸಾದರೂ ಕಳೆಯಿರಿ. ಕುರನೂರಿಗೆ ಬಂದು ಬರೀ ನೀರು ನೋಡಿ ಹೋಗುವುದು ಅರ್ಧ ನೋಟ. ಏರಿ ಬರುವ ಮುನ್ನ ಹೊಳೆ ಎಲ್ಲಿ ಹರಿಯುತ್ತಿತ್ತು, ಯಾರ ಹೊಲ ಮುಳುಗಿತು, ಹೊಳೆದಂಡೆಯ ಗುಡಿ ಎಲ್ಲಿಗೆ ಬಂತು, ಮೊದಲ ಕಾಲುವೆ ನೀರು ಬಂದ ವರ್ಷ ಏನು ಬಿತ್ತಿದರು ಎಂದು ಕೇಳಿ. ನಿಮ್ಮದೇ ಊರು ಇದಾಗಿದ್ದರೆ ಈ ಪ್ರಶ್ನೆಗಳನ್ನು ಮನೆಯ ಅಜ್ಜ ಅಜ್ಜಿಗೆ ಕೇಳಿ, ಮಕ್ಕಳ ಕೈಲಿ ಬರೆಸಿ, ಫೋನಿನಲ್ಲಿ ದನಿ ಹಿಡಿದಿಡಿ. ಇವು ಯಾವ ಗ್ಯಾಝೆಟಿಯರಿನಲ್ಲೂ ಸಿಗುವ ಸಂಗತಿಗಳಲ್ಲ, ಇವನ್ನು ಬಲ್ಲವರ ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ. ಇಡೀ ಎರಡು ದಿನದಲ್ಲಿ ಇದೊಂದನ್ನೇ ಮಾಡಿದರೂ ನನ್ನ ಲೆಕ್ಕಕ್ಕೆ ಪ್ರವಾಸ ಸಾರ್ಥಕ.

ರಾತ್ರಿ ಅಕ್ಕಲಕೋಟೆಯಲ್ಲಿ. ಭಕ್ತನಿವಾಸಗಳಿವೆ, ಸಣ್ಣ ಲಾಡ್ಜುಗಳಿವೆ. ಶನಿವಾರದ ಕೋಣೆಯನ್ನು ಮುಂಚೆಯೇ ಹೇಳಿಟ್ಟುಕೊಳ್ಳಬೇಕು. ಗುರುವಾರ, ಗುರುಪೂರ್ಣಿಮೆ, ಚೈತ್ರದಲ್ಲಿ ಬರುವ ಸ್ವಾಮಿಗಳ ಪ್ರಕಟದಿನ ಮತ್ತು ಪುಣ್ಯತಿಥಿಯ ದಿನಗಳಲ್ಲಿ ಈ ಯೋಜನೆಯನ್ನೇ ಕೈಬಿಡಿ, ಕಾಲಿಡಲೂ ಜಾಗವಿರುವುದಿಲ್ಲ.

ಭಾನುವಾರ: ಅಕ್ಕಲಕೋಟೆಯಿಂದ ಸೊನ್ನಲಿಗೆಗೆ

ನಸುಕಿನಲ್ಲೇ ವಟವೃಕ್ಷ ಗುಡಿಗೆ ಹೋದರೆ ಸರದಿ ಚಿಕ್ಕದು. ಸ್ವಾಮಿ ಸಮರ್ಥರು ಅಕ್ಕಲಕೋಟೆಗೆ ಬಂದದ್ದು 1857ರ ಸುಮಾರಿಗೆ, ಸಮಾಧಿ ಹೊಂದಿದ್ದು 1878ರಲ್ಲಿ. ಆಲದ ಮರದಡಿಯ ಗುಡಿಯಲ್ಲಿ ಜನ ಕಿಕ್ಕಿರಿದಿರುತ್ತಾರೆ. ಊರೊಳಗಿನ ಸಮಾಧಿ ಮಠ ಅದಕ್ಕಿಂತ ಶಾಂತ. ಹೊರಗಿನಿಂದ ಬರುವ ಬಹಳ ಮಂದಿಗೆ ಅದರ ಹಾದಿ ಗೊತ್ತಿರುವುದಿಲ್ಲ.

ಅಲ್ಲಿಂದ ಅರಮನೆ. ಅಕ್ಕಲಕೋಟೆ ಒಂದು ಸಂಸ್ಥಾನವಾಗಿತ್ತೆಂಬುದು ಇಲ್ಲಿ ಓದಿದ ಮಕ್ಕಳಿಗೂ ಅಸ್ಪಷ್ಟ. ಛತ್ರಪತಿ ಶಾಹು ಮೊಗಲರ ಸೆರೆಯಿಂದ ಮರಳುವ ದಾರಿಯಲ್ಲಿ ಪಾರದ ಎಂಬ ಊರಿನವರು ಎದುರು ನಿಂತರು. ಜಗಳ ಮುಗಿದ ಮೇಲೆ ಪಾಟೀಲನ ಹೆಂಡತಿ ತನ್ನ ಕೂಸನ್ನು ಶಾಹುವಿನ ಪಾದದ ಬಳಿ ಇಟ್ಟಳು. ಮೊದಲ ಗೆಲುವಿನ ನೆನಪಿಗೆ ಶಾಹು ಆ ಕೂಸಿಗೆ ಫತೇಸಿಂಹ ಎಂದು ಹೆಸರಿಟ್ಟು ಮಗನಂತೆ ಬೆಳೆಸಿದ. ಅಕ್ಕಲಕೋಟೆಯ ಭೋಸಲೆ ಮನೆತನ ಶುರುವಾಗುವುದು ಅವನಿಂದ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ಅರಮನೆಯ ಶಸ್ತ್ರಾಗಾರದಲ್ಲಿ ಕತ್ತಿ, ಈಟಿ, ಬಂದೂಕುಗಳ ರಾಶಿಯೇ ಇದೆ. ತೆರೆದಿರುವ ವೇಳೆ ಹಿಂದಿನ ದಿನವೇ ವಿಚಾರಿಸಿ.

ಹತ್ತೂವರೆಗೆ ಸೊಲ್ಲಾಪುರಕ್ಕೆ ಹೊರಡಿ. 40 ಕಿಲೋಮೀಟರ್ ದಾರಿ, ಎಸ್‌ಟಿ ಬಸ್ಸುಗಳು ಬಿಡದೆ ಓಡುತ್ತವೆ. ರೈಲಿನವರು ಗಮನಿಸಬೇಕಾದದ್ದು, ಅಕ್ಕಲಕೋಟ ರೋಡ್ ಸ್ಟೇಶನ್ ಊರಿನಿಂದ ಹತ್ತು ಕಿಲೋಮೀಟರಿಗೂ ಆಚೆ ಇದೆ.

ಸೊಲ್ಲಾಪುರದಲ್ಲಿ ಮೊದಲು ಸಿದ್ಧೇಶ್ವರ ಕೆರೆ. ಗುಡಿಗೆ ನೇರ ನುಗ್ಗಬೇಡಿ, ಮೊದಲು ಕೆರೆಯನ್ನು ನೋಡಿ. ಗುಡಿ ಕೆರೆಯ ನಡುವೆ ಇದೆ, ಮಗ್ಗುಲಿಗೆ ಭುಯಿಕೋಟೆ. ಈ ಕೆರೆಗೆ ಕನ್ನಡದ ಒಂದು ದೊಡ್ಡ ಪ್ರಶ್ನೆ ಅಂಟಿಕೊಂಡಿದೆ. ಸಿದ್ಧರಾಮ ನೂರಾರು ಜನರನ್ನು ಕೂಡಿಸಿ ಕೆರೆ ತೋಡಿಸುತ್ತಿದ್ದ. ಅಲ್ಲಿಗೆ ಬಂದ ಅಲ್ಲಮಪ್ರಭು ಅವನನ್ನು ಒಡ್ಡರಾಮನೆಂದು ಕೆಣಕಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಲೋಕಕ್ಕೆ ನೀರು ಕೊಡುವ ಕಾಯಕ ದೊಡ್ಡದೋ, ತನ್ನೊಳಗನ್ನು ಅರಿಯುವುದು ದೊಡ್ಡದೋ? ಸಿದ್ಧರಾಮ ಅಲ್ಲಮನ ಜೊತೆ ಕಲ್ಯಾಣಕ್ಕೆ ಹೋದ, ಮುಂದೆ ಶೂನ್ಯಪೀಠವನ್ನೂ ಏರಿದ. ಅವನ ಕಥೆಯನ್ನು ರಾಘವಾಂಕ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳಿದ. ಆದರೆ ಕೆರೆ ಇಲ್ಲಿ ಉಳಿಯಿತು, ಊರು ಅದರ ಸುತ್ತ ಬೆಳೆಯಿತು. ಎಂಟುನೂರು ವರ್ಷಗಳ ನಂತರ ದಂಡೆಯಲ್ಲಿ ನಿಂತು ನೋಡುವಾಗ ಒಡ್ಡನ ಕೆಲಸದ ಪರವಾಗಿ ವಾದಿಸಬೇಕೆಂದು ನನಗೆ ಅನ್ನಿಸುತ್ತದೆ. ಅಲ್ಲಮನನ್ನು ಎಷ್ಟು ಮೆಚ್ಚಿದರೂ.

ಸಂಕ್ರಾಂತಿಯ ವೇಳೆಗೆ ಬಂದರೆ ಗಡ್ಡೆಯ ಜಾತ್ರೆ. ಬಿಳಿಯ ಬಾರಾಬಂದಿ ತೊಟ್ಟವರು ಏಳು ನಂದಿಕೋಲುಗಳನ್ನು ಸೊಂಟಕ್ಕೆ ಕಟ್ಟಿದ ಪಟ್ಟಿಯಲ್ಲಿ ನಿಲ್ಲಿಸಿ ನಡೆಯುತ್ತಾರೆ, ಸಿದ್ಧರಾಮ ಊರ ಸುತ್ತ ಸ್ಥಾಪಿಸಿದನೆನ್ನುವ 68 ಲಿಂಗಗಳಿಗೆ ಹೋಗಿ ಎಣ್ಣೆ ಎರೆಯುತ್ತಾರೆ. ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆಯ ಸಮಾರಂಭ. ಸಿದ್ಧರಾಮನನ್ನೇ ವರಿಸುವೆನೆಂದ ಕುಂಬಾರರ ಹುಡುಗಿಗೆ ಅವನ ಯೋಗದಂಡದೊಡನೆ ಮದುವೆಯಾದ ನೆನಪು ಅದು. ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ, ಆದರೆ ವರ್ಷದಲ್ಲಿ ಒಮ್ಮೆ ಮಾತ್ರ ನೋಡಸಿಗುವುದನ್ನು ಕಷ್ಟಪಟ್ಟೇ ನೋಡಬೇಕು. ಇದೇ ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಸಿದ್ಧರಾಮನ ಮೇಲೆ ಪುರಾಣ ಬರೆದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠಕ್ಕೆ ಬಂದ ಮೊದಲ ಹೆಣ್ಣು ಅವರೇ.

ಸೊಲ್ಲಾಪುರದ ಉಳಿದದ್ದನ್ನು ಬೇಗ ಹೇಳುತ್ತೇನೆ. ಸ್ವಾತಂತ್ರ್ಯ ಹೋರಾಟದ ನಾಲ್ವರು ಹುತಾತ್ಮರ ಪ್ರತಿಮೆಗಳ ಬಳಿ ನಿಲ್ಲಿ: ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್. 1930ರಲ್ಲಿ ಊರಿಗೆ ಸೈನಿಕ ಕಾಯ್ದೆ ಹೇರಿದ ಮೇಲೆ ಹಿಡಿದು, 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಭಯ್ಯಾ ಚೌಕದ ಹತ್ತಿರ ಡಾ. ದ್ವಾರಕಾನಾಥ ಕೋಟಣೀಸರ ಹುಟ್ಟುಮನೆ ಈಗ ಸ್ಮಾರಕ. 1938ರಲ್ಲಿ ಚೀನಾದ ಯುದ್ಧಭೂಮಿಗೆ ಹೋಗಿ 32ನೆಯ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡ ವೈದ್ಯರು ಅವರು. ಚಾದರ ಕೊಳ್ಳುವವರು ಭೌಗೋಳಿಕ ಗುರುತಿನ ಚೀಟಿ ನೋಡಿ ಕೊಳ್ಳಿ, ಬೇರೆ ಊರಿನ ಯಂತ್ರದ ಮಾಲು ಸೊಲ್ಲಾಪುರದ ಹೆಸರಿನಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ.

ಬಿಸಿಲು ಇಳಿಯುವಾಗ ತುಳಜಾಪುರ ರಸ್ತೆಯ ಹಿಪ್ಪರಗಾ ಕೆರೆ. ಸಿದ್ಧರಾಮನದು ಪುಣ್ಯಕ್ಕೆ, ಇಬ್ರಾಹಿಮನದು ಕೋಟೆಗೆ ಮತ್ತು ಕಣ್ಣಿಗೆ. ಇದು ಬರಗಾಲದ ಲೆಕ್ಕ ಹಾಕಿ ಹೊಲಕ್ಕೆಂದು ಕಟ್ಟಿದ ಕೆರೆ. ಕುರನೂರಿನ ಏರಿಗೆ ಇದೇ ಹಿರಿಯಕ್ಕ. ಇಲ್ಲಿಯೂ ಹಕ್ಕಿಗಳುಂಟು.

ಇಷ್ಟಕ್ಕೆ ಎರಡು ದಿನ ತುಂಬಿತು. ಇದರಲ್ಲೇ ತುಳಜಾಪುರ, ಪಂಢರಪುರ, ಗಾಣಗಾಪುರಗಳನ್ನು ತುರುಕುವ ಟೂರಿನವರ ಮಾತಿಗೆ ಮರುಳಾಗಬೇಡಿ. ನಾಲ್ಕು ಕ್ಷೇತ್ರಕ್ಕೆ ಎರಡು ದಿನವೆಂದರೆ ನೋಡುವುದು ಪಾರ್ಕಿಂಗ್ ಮಾತ್ರ. ಅವುಗಳಿಗೆ ಬೇರೆಯೇ ವಾರ ಇಟ್ಟುಕೊಳ್ಳಿ. ನಾನ್ನಜ್‌ನ ಎರೆಭೂತ ಹಕ್ಕಿಯ ಅಭಯಾರಣ್ಯಕ್ಕೂ ಅಷ್ಟೇ. 1979ರಲ್ಲಿ ಘೋಷಿಸಿದ ಆ ಹುಲ್ಲುಗಾವಲಿನಲ್ಲಿ ಹಕ್ಕಿ ಈಗ ಕಣ್ಣಿಗೆ ಬೀಳುವುದು ಬಲು ಅಪರೂಪ, ಕೃಷ್ಣಮೃಗಗಳು ಮಾತ್ರ ಸಿಗುತ್ತವೆ, ಅದಕ್ಕೂ ನಸುಕಿನಲ್ಲೇ ಹೋಗಬೇಕು.

ಸೋಮವಾರವೂ ರಜೆಯಿದ್ದವರಿಗೆ ಒಂದು ಸಲಹೆ ಉಳಿದಿದೆ. ದಕ್ಷಿಣ ಸೊಲ್ಲಾಪುರದ ಹತ್ತರಸಂಗ ಕೂಡಲಕ್ಕೆ ಹೋಗಿ. ಸೀನಾ ಹೊಳೆ ಭೀಮೆಯನ್ನು ಸೇರುವ ಜಾಗ, ನಗರದಿಂದ ಸುಮಾರು 40 ಕಿಲೋಮೀಟರ್. ಚಾಲುಕ್ಯರ ಕಾಲದ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ 1018ರ ಶಾಸನವಿದೆ. ಕಾಲ ಸ್ಪಷ್ಟವಾಗಿರುವ ಅತಿ ಹಳೆಯ ಮರಾಠಿ ಶಾಸನಗಳಲ್ಲಿ ಅದೂ ಒಂದು. ಪಕ್ಕದಲ್ಲಿ ಮಣ್ಣಿನಡಿಯಿಂದ ಸಿಕ್ಕ ಬಹುಮುಖ ಲಿಂಗ, ಅದರ ಮೈತುಂಬ 359 ಪುಟ್ಟ ಮುಖಗಳು, ಒಂದರ ಹಾಗೆ ಒಂದಿಲ್ಲ. ಶಾಸನ ಮಂಟಪದ ತೊಲೆಯ ಮೇಲಿದೆ, ಒಳಗೆ ಬೆಳಕು ಸಾಲದು, ಟಾರ್ಚ್ ಒಯ್ಯಿರಿ. ಸುತ್ತ ಹೋಟೆಲುಗಳನ್ನು ನಂಬಿಕೊಂಡು ಹೋಗಬೇಡಿ, ನೀರು ಬುತ್ತಿ ಜೊತೆಗಿರಲಿ. ವಿಜಯಪುರದ ಕಡೆ ಮರಳುವವರಿಗೆ ಇದು ಹೆಚ್ಚು ಸುತ್ತಿನ ದಾರಿಯೇನಲ್ಲ, ಅಲ್ಲಿಂದ ಹೆದ್ದಾರಿಗೆ ಬಂದು ಭೀಮೆ ದಾಟಿದರೆ ಕರ್ನಾಟಕ.